ಲಾಳಿಗೆ ಎಂಜಲಿಲ್ಲ

ಜೂನ್ 9, ರವಿವಾರ

ಇವತ್ತು ವೈನಿ ನನ್ನ ಲೋಟದಲ್ಲಿ ನೀರು ಕುಡಿದಳು. ಕುಡಿದು, ತೊಳೆಯದೆ, ಮತ್ತೆ ನನ್ನ ಕೊಡದ ಮೇಲೇ ಬೋರಲು ಹಾಕಿದಳು. ಅಂಚಿನಲ್ಲಿ ತುಟಿಯ ಗುರುತು ಹಾಗೇ ಇತ್ತು. ಲೋಟವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ಹಿತ್ತಲಿನ ತಿಪ್ಪೆಗೆ ಎಸೆದು ಬಂದೆ. ಅವ್ವ ನೋಡಿದಳು.

"ತಿಕ್ಕಿ ತೊಳದ್ರ ಹೋಗತಿತ್ತಲ್ಲೋ, ಛಲೋ ಲೋಟ" ಎಂದಳು.

ತಿಕ್ಕಿದರೆ ಅವ್ವನ ಕಣ್ಣಿಂದ ಹೋಗುತ್ತದೆ, ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಎಂಜಲೆಂದರೆ ನನಗೆ ಸಣ್ಣಂದಿನಿಂದಲೂ ಹೇಸಿಗೆ. ಕಿರಾಣಿ ಅಂಗಡಿಯವನು ಬೆರಳಿಗೆ ಉಗುಳು ಹಚ್ಚಿ ಚೀಲ ಬಿಡಿಸಿದರೆ ಆ ಚೀಲದ ಸಕ್ಕರೆ ನನಗೆ ಬೇಡ. ಜಮಖಂಡಿಯ ಕಾಲೇಜಿನಲ್ಲಿ ಇಷ್ಟು ವರ್ಷದಿಂದ ಇತಿಹಾಸ ಹೇಳುತ್ತಿದ್ದೇನೆ, ಅಲ್ಲಿಯೂ ನನ್ನ ಲೋಟ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಇಂಥವನಿಗೆ ದೇವರು ಇಂಥ ಹೊಟ್ಟೆ ಕೊಟ್ಟ.

ಮಾರ್ಚ್ ಕೊನೆಗೆ ಶುರುವಾದದ್ದು. ವಾರವಿಡೀ ವಾಂತಿ, ಭೇದಿ. ಅವು ನಿಂತವು, ದಣಿವು ನಿಲ್ಲಲಿಲ್ಲ. ಜಳಕ ಮಾಡಿದರೆ ಒಂದು ತಾಸು ಮಲಗಬೇಕು. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಮರುದಿನ ಮೈಯನ್ನು ಯಾರೋ ಒಗೆದು ಹಿಂಡಿಟ್ಟಂತೆ. ಹೊಟ್ಟೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿ ಕೂತಿದೆ. ತೇಗಿದರೆ ನನಗೇ ಹೇಸಿಗೆ.

ವೈನಿ ಎಂದರೆ ಅಣ್ಣ ನಾಮದೇವನ ಹೆಂಡತಿ, ಶೇವಂತಿ. ಮೂರು ವರ್ಷವಾಯಿತು, ಮಗ್ಗದ ಖೋಲಿಯ ಪಕ್ಕದ ಕೋಣೆಯಲ್ಲಿ ಹೊರಸಿನ ಮೇಲೆ ಬಿದ್ದಿದ್ದಾಳೆ. ಜ್ವರವಿಲ್ಲ, ಗಾಯವಿಲ್ಲ. ಕಿವಿಯಲ್ಲಿ ನೂಲಿನ ಉಂಡೆ, ಕಣ್ಣಿನ ಮೇಲೆ ಸೆರಗು. ನಾನು ದಣಿದವನು, ಅವಳು ಮೈಗಳ್ಳಿ. ಜನ ನಮ್ಮಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದೊಂದೇ ನನ್ನ ಚಿಂತೆ. ಇದು ಇಂಥ ರೋಗ ಎಂದು ಒಬ್ಬ ಡಾಕ್ಟರ್ ಬರೆದುಕೊಟ್ಟರೆ ಸಾಕು.

ದಿನಚರಿ ಬರೆಯುವ ಚಟ ನನಗಿರಲಿಲ್ಲ. ಆದರೆ ಮನುಷ್ಯರಿಗೆ ಹೇಳಿದರೆ "ಒಂದೀಟ ಅಡ್ಡಾಡ್ರಿ ಸರ, ಹೋಗತೈತಿ" ಎನ್ನುತ್ತಾರೆ. ಕಾಗದ ಹಾಗೆ ಅನ್ನುವುದಿಲ್ಲ.

ಜೂನ್ 13

ಪ್ರಥಮ ವರ್ಷದ ಕ್ಲಾಸು, ಬಾದಾಮಿ ಚಾಲುಕ್ಯರು. ಪುಲಕೇಶಿಯ ಹೆಸರು ಬಾಯಿಗೆ ಬರಲಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿ, ಇತಿಹಾಸ ಹೇಳಿ ಅನ್ನ ತಿಂದು, ಪುಲಕೇಶಿಯ ಹೆಸರು ಮರೆಯುವುದೆಂದರೆ! "ಅವನು... ಅವನು" ಎನ್ನುತ್ತ ಕುರ್ಚಿ ಹುಡುಕಿ ಕೂತೆ. ಹಿಂದಿನ ಬೆಂಚಿನಿಂದ ಯಾರೋ "ಇಮ್ಮಡಿ ಅವನು" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಪ್ರಿನ್ಸಿಪಾಲರು ಕರೆಸಿದರು. "ದಣಿವ ಯಾರಿಗಿಲ್ರಿ ಸರ? ನನಗೂ ಐತಿ. ರೋಗ ಏನಂತ ಬರಸ್ಕೊಂಡ ಬರ್ರಿ, ರಜಾ ಕೊಡತೀನಿ. ಬರೇ ದಣಿವು ಅಂದ್ರ ಮ್ಯಾಲಿನವ್ರು ನಗ್ತಾರ" ಎಂದರು. ಹೀಗೆನ್ನುವಾಗ ಅವರು ಹಲ್ಲಿನ ಸಂದಿಯಿಂದ ಅಡಿಕೆಯ ಚೂರು ತೆಗೆದು ನೋಡಿ ಮತ್ತೆ ಬಾಯಿಗೇ ಹಾಕಿಕೊಂಡರು. ನಾನು ಗೋಡೆ ನೋಡಿದೆ.

ಜೂನ್ 17

ಅವ್ವ ಲಕ್ಷ್ಮವ್ವನನ್ನು ಕರೆಸಿದಳು. ಓಣಿಯ ಎಲ್ಲ ಹೊಟ್ಟೆಗಳಿಗೂ ಅವಳೇ ಮಾಲಕಿ.

"ಹೊಕ್ಕಳ ಸರದೈತ್ಯೋ ಯಪ್ಪಾ" ಎಂದಳು ಮುಟ್ಟುವ ಮೊದಲೇ. ಹರಳೆಣ್ಣೆಯ ಹೆಬ್ಬೆರಳನ್ನು ಹೊಕ್ಕಳಿಗೆ ಒತ್ತಿ ತಿರುವಿದಳು. ಆ ಉಗುರಿನಲ್ಲಿ ಯಾರ ಹೊಟ್ಟೆಯ ಕೊಳೆ ಇತ್ತೋ. ಆಮೇಲೆ ಹೊಟ್ಟೆಯ ಮೇಲೆ ದೀಪವಿಟ್ಟು ತಂಬಿಗೆ ಬೋರಲು ಹಾಕಿದಳು. ತಂಬಿಗೆ ನನ್ನ ಚರ್ಮವನ್ನು ಚಪ್ಪರಿಸಿ ಎಳೆದುಕೊಂಡಿತು. ಕೀಳುವಾಗ ಬಂದ ಶಬ್ದ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವ್ವ ಕೈ ಮುಗಿದು ನಿಂತಿದ್ದಳು.

ಬಾಗಿಲ ಬಳಿ ಗೋಡೆ ಹಿಡಿದುಕೊಂಡು ವೈನಿ ನಿಂತಿದ್ದಳು. "ನನಗೂ ಮಾಡಿದ್ಳರಿ. ಏನೂ ಆಗಲಿಲ್ಲ" ಎಂದಳು.

ಕೇಳಿದವರು ಯಾರು?

ಜೂನ್ 21

ಮಲಗಿದ್ದೆ. ಎದ್ದೆ. ಮಲಗಿದೆ.

ಜೂನ್ 27

ಜಮಖಂಡಿಯ ಡಾಕ್ಟರರು ಮಲ ಪರೀಕ್ಷೆ ಬರೆದಿದ್ದರು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಅಂಟಿದ ಪುಟ್ಟ ಚಮಚ. ಚಮಚ! ಇದನ್ನು ಕಂಡುಹಿಡಿದವನು ಊಟ ಹೇಗೆ ಮಾಡುತ್ತಾನೋ. ಬಚ್ಚಲಿನಲ್ಲಿ ಎಷ್ಟು ಹೊತ್ತು ಕೂತರೂ ನನ್ನ ಕೈ ಮುಂದೆ ಹೋಗಲಿಲ್ಲ. ಕೊನೆಗೆ ಹೆಂಡತಿ ಶ್ರೀದೇವಿ ಬಾಗಿಲು ಬಡಿದಳು.

"ಸರೀರಿ ಈ ಕಡೆ. ಎರಡ ಹಡದೇನಿ ನಾ. ನಿಮ್ಮ ಚಮಚೆಕ್ಕ ಅಂಜತೇನೇನು?"

ಅವಳೇ ತುಂಬಿದಳು. ಮುಧೋಳದ ಶಾಲೆಗೆ ಕೆಲಸಕ್ಕೆ ಹೋಗುವವಳು ಇವತ್ತು ರಜೆ ಹಾಕಿ, ಆ ಡಬ್ಬಿಯನ್ನು ತನ್ನ ಊಟದ ಚೀಲದಲ್ಲೇ ಇಟ್ಟುಕೊಂಡು ನನ್ನ ಪಕ್ಕ ಕೂತು ಬಂದಳು. ಬಸ್ಸು ಪ್ರತಿ ಗುಂಡಿಗೆ ಹಾರಿದಾಗಲೂ ನಾನು ಆ ಚೀಲವನ್ನೇ ನೋಡುತ್ತಿದ್ದೆ.

ಮಲದಲ್ಲಿ ಏನೂ ಇಲ್ಲವಂತೆ. ರಕ್ತದಲ್ಲಿ ಏನೂ ಇಲ್ಲವಂತೆ. "ಎಲ್ಲಾ ನಾರ್ಮಲ್ ಐತ್ರಿ" ಎಂದು ಡಾಕ್ಟರರು ಸಿಹಿ ಸುದ್ದಿ ಹೇಳುವ ಹಾಗೆ ಹೇಳಿದರು. ನನಗೆ ಅಳು ಬಂತು, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅವರಿಗೇ ಪಾಪ ಅನ್ನಿಸಿರಬೇಕು, ಮಿರಜದ ಒಬ್ಬ ಹೊಟ್ಟೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಜುಲೈ 4

ಮಿರಜ. ಆಸ್ಪತ್ರೆಯ ಅರ್ಧ ಜನ ನಮ್ಮ ಕಡೆಯವರೇ. ಡಾಕ್ಟರ್ ಅಮೋಲ ಇನ್ನೂ ಹುಡುಗ, ಕನ್ನಡವನ್ನು ಪೇಶಂಟುಗಳಿಂದಲೇ ಕಲಿತಿದ್ದಾರೆ. ನನ್ನ ಕಥೆ ಪೂರ್ತಿ ಕೇಳಿದರು. ಒಮ್ಮೆಯೂ "ಅಡ್ಡಾಡ್ರಿ" ಎನ್ನಲಿಲ್ಲ. ಅಷ್ಟಕ್ಕೇ ಅವರ ಕಾಲಿಗೆ ಬೀಳಬೇಕೆನ್ನಿಸಿತು.

"ಕೆಲವು ವೈರಸ್ ಹೊಟ್ಟಿಗಿ ಬರ್ತಾವು, ಭೇದಿ ಮಾಡಸ್ತಾವು, ಹೋಗ್ತಾವು. ಕೆಲವರ ಜಠರದ ಪದರದಾಗ ಉಳದ ಬಿಡ್ತಾವು, ಈ ದಣಿವು ಅದರಿಂದ ಅಂತ ಕೆಲವು ಡಾಕ್ಟರಗೋಳ ವಿಚಾರ. ಎಲ್ಲಾರೂ ಒಪ್ಪಿಲ್ಲ. ನಾನೂ ಪೂರಾ ಒಪ್ಪಿಲ್ಲ. ಆದ್ರ ನಮ್ಮ ಸರ ಇದರ ಮ್ಯಾಲೆ ಅಭ್ಯಾಸ ಮಾಡಾಕತ್ತಾರ. ನಿಮ್ಮ ಜಠರದ ಒಂದು ಸಣ್ಣ ಚೂರ ತಗದ ಕಳಸೂಣು?"

ಕಳಿಸಿ ಎಂದೆ. ಇಡೀ ಜಠರ ಕೇಳಿದ್ದರೂ ಕೊಡುತ್ತಿದ್ದೆ.

"ಮನಿಯೊಳಗ ಬ್ಯಾರೆ ಯಾರಿಗರೆ ಹಿಂಗ ಐತೇನು?"

"ಇಲ್ಲ" ಎಂದೆ. ಶ್ರೀದೇವಿ ನನ್ನ ಮುಖ ನೋಡಿದಳು.

"ಒಬ್ಬರ ಎಂಜಲ ಒಬ್ಬರು ತಿನ್ನೂದು, ಕುಡಿಯೂದು?"

"ನನ್ನ ಲೋಟ ನನ್ನ ಹೆಂಡತಿನೂ ಮುಟ್ಟೂದಿಲ್ಲರಿ" ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೇ ಆಯಿತು.

ಗಂಟಲಿಗೆ ಕಹಿ ಔಷಧ ಹೊಡೆದರು. ಬಾಯಿಗೆ ಪ್ಲಾಸ್ಟಿಕ್ಕಿನ ಬಳೆ ತುರುಕಿದರು. ಇದು ಎಷ್ಟು ಜನರ ಬಾಯಲ್ಲಿತ್ತು ಎಂದು ನರ್ಸಿಗೆ ಕೇಳಬೇಕೆಂದರೆ ನಾಲಿಗೆಯೇ ಸತ್ತಿತ್ತು. ಕೊಳವೆ ಇಳಿಯಿತು. ಜೊಲ್ಲು ಕೆನ್ನೆಯ ಮೇಲಿಂದ ಕಿವಿಗೆ, ಕಿವಿಯಿಂದ ದಿಂಬಿಗೆ ಹರಿಯಿತು. ನನ್ನದೇ ಜೊಲ್ಲು, ನನ್ನದೇ ಕಿವಿ, ಆದರೂ ಹೇಸಿ ಕಣ್ಣು ಮುಚ್ಚಿದೆ. ಕೊನೆಗೆ ಒಂದು ಬಾಟಲಿಯಲ್ಲಿ ಅಕ್ಕಿ ನುಚ್ಚಿನಷ್ಟು ಏನೋ ತೇಲುತ್ತಿತ್ತು. ಅದು ನಾನು.

ಬಸ್ಸಿನಲ್ಲಿ ಶ್ರೀದೇವಿ, "ವೈನಿದ ಯಾಕ ಹೇಳಲಿಲ್ಲರಿ?" ಎಂದಳು.

"ಅದು ರೋಗ ಅಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಬನಹಟ್ಟಿಯವರೆಗೂ ತಿರುಗಿಯೇ ಇದ್ದಳು.

ಜುಲೈ 10

ನಾಮದೇವ ಮಾತು ತೆಗೆದ. "ಪಂಚಮಿಗಿ ಅಕಿನ್ನ ಬಾಡಗಂಡಿಗಿ ಕಳಸೂದು. ಆಮ್ಯಾಲ ಕರೀಲಾರದಂಗ ಇದ್ದಬಿಡೂದು. ಹಬ್ಬಕ್ಕ ತವರಿಗಿ ಹೋದ್ಳು ಅಂದ್ರ ಯಾರೂ ಏನೂ ಅನ್ನೂದಿಲ್ಲ."

ಅವ್ವ ನೂಲಿನ ಕಂಡಿಕೆಗಳನ್ನು ಸುತ್ತುತ್ತಲೇ ಇದ್ದಳು. ಬಾಡಗಂಡಿಯಲ್ಲಿ ವೈನಿಯ ತಮ್ಮ ಜ್ಞಾನೇಶ್ವರ ಇದ್ದಾನೆ, ಸಕ್ಕರೆ ಕಾರ್ಖಾನೆಯ ಕೆಲಸ, ಎರಡು ಖೋಲಿಯ ಮನೆ. ಅವನ ಹೆಂಡತಿ ಈಗಾಗಲೇ ಫೋನಿನಲ್ಲಿ "ಎಂಟ ದಿವಸ ಇಟ್ಕೋತೀವ್ರಿ, ಎಂಟಾ ದಿವಸ" ಎಂದಿದ್ದಾಳಂತೆ. ಒಂಬತ್ತನೆಯ ದಿನ ಅವಳು ಎಲ್ಲಿರಬೇಕು ಎಂದು ಯಾರೂ ಕೇಳಲಿಲ್ಲ.

ನನ್ನನ್ನು ಕೇಳಿದರು. ಆಗಲಿ ಎಂದೆ. ಮನೆಯಲ್ಲಿ ಒಂದು ಹೊರಸು ಸಾಕು.

ಜುಲೈ 18

ಸಿಕ್ಕಿತು! ಡಾಕ್ಟರ್ ಅಮೋಲ ಫೋನ್ ಮಾಡಿದ್ದರು. ನನ್ನ ಜಠರದ ಚೂರಿನಲ್ಲಿ ವೈರಸ್ಸಿನ ಗುರುತು ಸಿಕ್ಕಿದೆ. ನಾನು ಖರೆ ರೋಗಿ.

ಇಷ್ಟು ಸಂತೋಷ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ರಿಪೋರ್ಟನ್ನು ಮೊಬೈಲಿಗೆ ತರಿಸಿ, ಶ್ರೀದೇವಿಯ ಕೈಲಿ ಪ್ರಿಂಟ್ ಹಾಕಿಸಿ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ನೂ ಮಾಡಿಸಿದೆ. ಒಂದು ಪ್ರತಿ ಪ್ರಿನ್ಸಿಪಾಲರಿಗೆ. ಇಂಗ್ಲಿಷಿನಲ್ಲಿ ಅಷ್ಟುದ್ದ ಹೆಸರು ನೋಡಿ ಅವರು ಎದ್ದು ನಿಂತು ರಜೆ ಬರೆದರಂತೆ.

ಫೋನಿನಲ್ಲೇ ಡಾಕ್ಟರರನ್ನು ಔಷಧ ಕೇಳಿದ್ದೆ. "ಇದನ್ನ ಪಕ್ಕಾ ಕೊಲ್ಲೂ ಗುಳಿಗಿ ಇನ್ನಾ ಬಂದಿಲ್ಲರಿ. ಒಂದು ಬೇರಿನ ಗುಳಿಗಿ ಕೊಡತೀನಿ. ಕೆಲವರಿಗೆ ಹತ್ತತೈತಿ, ಕೆಲವರಿಗಿಲ್ಲ. ಹತ್ತಲಿಲ್ಲಂದ್ರ ಬಿಡಸ್ತೀನಿ. ಖರೆ ಔಷಧ ಅಂದ್ರ, ದಣಿಯೂಕಿಂತ ಮೊದಲ ಮಲಗೂದು. ಕತ್ತಲ ಮಾಡ್ಕೋರಿ, ಗದ್ದಲದಿಂದ ದೂರ ಇರ್ರಿ. ಒಂದೀಟ ಏಳ್ರಿ, ಒಂದೀಟ ಮಾಡ್ರಿ, ಮತ್ತ ಮಲಗ್ರಿ. ಉಪ್ಪು ಹಾಕಿದ ಗಂಜಿ ಕುಡೀರಿ. ಜುಲುಮಿ ಮಾಡಿ ಎದ್ದು ದುಡದ್ರ ಮತ್ತ ಬೀಳ್ತೀರಿ" ಎಂದರು.

ನಾಮದೇವ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. "ನೋಡವ್ವಾ, ಇವಂದು ರೋಗ. ಅಕೀದು ಸೋಗು" ಎಂದ. ಮಗ್ಗ ನಿಂತಿತ್ತು, ಆ ಮಾತು ಪಕ್ಕದ ಕೋಣೆಗೆ ಕೇಳಿಸಿರಬೇಕು. ಕೇಳಿಸಲಿ.

ಜುಲೈ 24

ಡಾಕ್ಟರ್ ಹೇಳಿದಂತೆ ಮಲಗುವುದನ್ನು ಕಲಿಯುತ್ತಿದ್ದೇನೆ. ಈ ಮನೆಯಲ್ಲಿ ಅದು ಸುಲಭವಲ್ಲ. ಗೋಡೆಯಾಚೆ ನಾಲ್ಕು ಮಗ್ಗ, ಖಟಾಖಟಾ ಖಟಾಖಟಾ. ಹುಟ್ಟಿದಾಗಿನಿಂದ ಕೇಳಿದ ಸದ್ದು ಈಗ ನೇರ ಹಲ್ಲಿನ ಬೇರಿಗೆ ಬಡಿಯುತ್ತದೆ. ಹತ್ತಿ ಸಿಗಲಿಲ್ಲ, ನೂಲಿನ ಉಂಡೆ ಮಾಡಿ ಕಿವಿಗೆ ಇಟ್ಟುಕೊಂಡೆ. ಬೆಳಕು ಚುಚ್ಚುತ್ತದೆಂದು ಕಣ್ಣಿಗೆ ಟವೆಲ್ಲು.

ನೀರಿಗೆಂದು ಎದ್ದಾಗ ವೈನಿಯ ಕೋಣೆಯ ಬಾಗಿಲು ತೆರೆದಿತ್ತು. ಎದ್ದಳು, ನಾಲ್ಕು ಮೆಣಸಿನಕಾಯಿಯ ತೊಟ್ಟು ಮುರಿದಳು, ಮಲಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನಾಲ್ಕು. ಮತ್ತೆ ಮಲಗಿದಳು. ಮಿರಜದ ಡಾಕ್ಟರರು ನನಗೆ ಹೇಳಿದ್ದನ್ನು ಇವಳು ಕದ್ದು ಕೇಳಿದ್ದಾಳೋ ಎಂದು ಸಿಟ್ಟು ಬಂತು. ಆದರೆ ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದಾಳಲ್ಲ.

ಸಿಟ್ಟು ಹೋಗಲಿಲ್ಲ. ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಜುಲೈ 29

ಬರೆಯಲೂ ಹೇಸಿಗೆ. ಆದರೂ ಬರೆಯುತ್ತೇನೆ.

ಸಂಜೆ ಅವ್ವ ಚಹಾ ಕೊಟ್ಟು ಮಗ್ಗದ ಖೋಲಿಗೆ ಕಳಿಸಿದಳು. ನೇಕಾರ ಸಾಬಣ್ಣನ ಲಾಳಿಯಲ್ಲಿ ಕಂಡಿಕೆ ಮುಗಿದಿತ್ತು. ಹೊಸದು ಹಾಕಿ, ಲಾಳಿಯ ಕಣ್ಣಿಗೆ, ಎಳೆ ಹೊರಬರುವ ಸಣ್ಣ ತೂತಿಗೆ, ಬಾಯಿ ಹಚ್ಚಿ ಸುರ್ರೆಂದು ಎಳೆದ. ಎಳೆ ಹೊರಬಂತು. ಅಷ್ಟರಲ್ಲಿ ಅವನಿಗೆ ಫೋನು. ಎಳೆ ಮತ್ತೆ ಒಳಗೆ ಸರಿದದ್ದು ನೋಡಿ ನಾಮದೇವ ಆ ಲಾಳಿಯನ್ನೇ ತೆಗೆದುಕೊಂಡು, ಅದೇ ಕಣ್ಣಿಗೆ, ಸಾಬಣ್ಣನ ಉಗುಳು ಇನ್ನೂ ಹೊಳೆಯುತ್ತಿದ್ದ ಆ ಕಣ್ಣಿಗೇ ಬಾಯಿ ಹಚ್ಚಿ ಎಳೆದ. ಮಗ್ಗ ಶುರುವಾಯಿತು.

ನಮ್ಮ ಅಪ್ಪ ಹೀಗೇ ಎಳೆಯುತ್ತಿದ್ದ. ಅಜ್ಜನೂ. ಊಟದ ತಾಟು ಬದಲಾದರೆ ಜಗಳವಾಡುತ್ತಿದ್ದ ಅಜ್ಜ, ಯಾರ ಲಾಳಿಗಾದರೂ ಬಾಯಿ ಹಚ್ಚುತ್ತಿದ್ದ. ಕೇಳಿದರೆ "ಲಾಳಿಗಿ ಎಂಜಲಿಲ್ಲೋ" ಎನ್ನುತ್ತಿದ್ದ. ನಾವೂ ಹಾಗೇ ನಂಬಿ ಬೆಳೆದೆವು. ನಂಬುವುದೇನು, ಅದೊಂದು ವಿಚಾರ ಮಾಡುವ ಸಂಗತಿ ಎಂದೇ ಹೊಳೆದಿರಲಿಲ್ಲ.

ಮಾರ್ಚಿನಲ್ಲಿ ಸಾಬಣ್ಣ ಊರಿಗೆ ಹೋಗಿದ್ದ, ಲಗ್ನದ ಸೀರೆಗಳ ಅವಸರವಿತ್ತು. ನಾಮದೇವ ವೈನಿಯನ್ನು ಹೊರಸಿನಿಂದ ಎಬ್ಬಿಸಿ ಮುಂಜಾನೆ ಆ ಮಗ್ಗಕ್ಕೆ ನಿಲ್ಲಿಸುತ್ತಿದ್ದ. ಮಧ್ಯಾಹ್ನ ಅವಳು ಕುಸಿದು ಕೂತ ಮೇಲೆ ಕಾಲೇಜಿನಿಂದ ಬಂದು ಅವಳ ಕೈಯಿಂದ ಲಾಳಿ ತೆಗೆದುಕೊಳ್ಳುತ್ತಿದ್ದವನು ನಾನು. ವಾರವಿಡೀ. ಅವಳ ಬಾಯಿಂದ ನನ್ನ ಬಾಯಿಗೆ. ಬೀಗ ಹಾಕಿದ ಲೋಟದವನು! ಹೆಂಡತಿಯ ತಾಟಿನ ತುತ್ತು ಒಲ್ಲೆನೆನ್ನುವವನು!

ಚಹಾದ ಕಪ್ಪು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಬಾಯಿ ಎಷ್ಟು ತೊಳೆದರೂ ಕಟ್ಟಿಗೆಯ ರುಚಿ ಹೋಗಲಿಲ್ಲ.

ಜುಲೈ 31

ಡಾಕ್ಟರ್ ಅಮೋಲರಿಗೆ ಫೋನ್ ಹಚ್ಚಿ ಲಾಳಿಯ ವಿಷಯ ಹೇಳಿದೆ. ಎರಡೆರಡು ಸಲ ಬಿಡಿಸಿ ಕೇಳಿಕೊಂಡರು. "ಯಾರಿಂದ ಯಾರಿಗೆ ಬಂತು ಅಂತ ಹೇಳಾಕ ಆಗೂದಿಲ್ಲರಿ. ನೀರಿಂದನೂ ಬಂದಿರಬೋದು. ಆದ್ರ ಮನ್ಯಾಗ ಬ್ಯಾರೆ ಯಾರಿಗೂ ಇಲ್ಲ ಅಂದಿದ್ರಲ್ಲ?"

"ಐತಿ" ಎಂದೆ.

"ಹಂಗಾದ್ರ ಕರಕೊಂಡ ಬರ್ರಿ."

ಫೋನಿಟ್ಟು ವೈನಿಯ ಕೋಣೆಗೆ ಹೋದೆ. ಎಷ್ಟು ವರ್ಷದ ಮೇಲೋ. ಮಾಸಿದ ಕೌದಿ, ಮುಗ್ಗಲು ವಾಸನೆ. ನಿಲ್ಲಲಾಗದೆ ಹೊರಸಿನ ತುದಿಗೆ ಕೂತೆ.

"ವೈನಿ, ನಿಮಗ ಇದು ಹೆಂಗ ಶುರು ಆತ್ರಿ?"

ಕಿವಿಯಿಂದ ಉಂಡೆ ತೆಗೆದರು. "ನಿಮ್ಮಂಗ. ವಾಂತಿ, ಭೇದಿ. ಆಮ್ಯಾಲ ಹಿಂಗ."

"ಒಮ್ಮಿನೂ ಹೇಳಲಿಲ್ಲಲ್ರಿ?"

"ಹೇಳಿದ್ನಲ್ಲರಿ. ಮೊದಲನೇ ವರ್ಷ ದಿವಸಾ ಹೇಳಿದ್ನಿ. ಆಮ್ಯಾಲ ಹೇಳಾಕೂ ದಣಿವಾತು."

ಅವರು ನೀರು ಕುಡಿಯಲು ಹೊರಸಿನ ಕೆಳಗೆ ಕೈ ಹಾಕಿದರು. ತೆಗೆದದ್ದು ನನ್ನ ಲೋಟ. ತಿಪ್ಪೆಗೆ ಎಸೆದಿದ್ದ ಅದೇ ಲೋಟ, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದರು.

"ಛಲೋ ಇತ್ರಿ, ಅದಕ್ಕ ತಂದ ಇಟ್ಕೊಂಡ್ನಿ. ನೀವು ಒಗಿಯೂದು ನೋಡಿದ್ನಿ" ಎಂದರು. ಸಿಟ್ಟಿನಿಂದಲ್ಲ. ಮಳೆ ಬಂತು ಎನ್ನುವ ಹಾಗೆ.

ಎದ್ದು ಬಂದೆ. ಅಂಥ ಸಣ್ಣ ಕೋಣೆಯಲ್ಲಿ ಮನುಷ್ಯರು ಹೇಗಿರುತ್ತಾರೋ, ಗಾಳಿಯೇ ಇಲ್ಲ. ಕಣ್ಣು ಉರಿಯುತ್ತಿತ್ತು.

ಆಗಸ್ಟ್ 2

ನಾಮದೇವನಿಗೆ ಹೇಳಿದೆ. ಮಗ್ಗ ನಿಲ್ಲಿಸದೆಯೇ ಕೇಳಿಸಿಕೊಂಡ.

"ಲಾಳಿಯಿಂದ ರೋಗ ಬರೂದಿದ್ರ ಬನಹಟ್ಟಿ ರಬಕವಿ ಎರಡೂ ಊರ ಹೊರಸ ಹಿಡಿಬೇಕಿತ್ತು. ನನಗ್ಯಾಕ ಬಂದಿಲ್ಲ? ಸಾಬಣ್ಣಗ್ಯಾಕ ಬಂದಿಲ್ಲ?"

"ಬಂದ ಹೋಗಿರತೈತಿ. ಎಲ್ಲಾರಿಗೂ ಉಳಿಯೂದಿಲ್ಲ."

"ಎರಡ ಅಕ್ಷರ ಕಲತಿ ಅಂತ ನನಗ ಹೇಳಾಕ ಬರಬ್ಯಾಡ. ಪಂಚಮಿಗಿ ಅಕಿ ಹೋಗಾಕಿ. ಮಾತ ಆಗೇತಿ."

ಹೀಗೆನ್ನುತ್ತಲೇ ಲಾಳಿಗೆ ಬಾಯಿ ಹಚ್ಚಿ, ನನ್ನನ್ನೇ ನೋಡುತ್ತ, ಬೇಕೆಂದೇ ಗಟ್ಟಿಯಾಗಿ ಎಳೆದ. ಒಡಹುಟ್ಟಿದವನ ಮೇಲೆ ಇಷ್ಟು ಹೇಸಿಗೆಯಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಆಗಸ್ಟ್ 4

ಬಿದ್ದೆ. ನಾಮದೇವನೊಡನೆ ವಾದ ಮಾಡಿದ್ದರ ಫಲ. ತಲೆ ಎತ್ತಲಾಗದು. ಶ್ರೀದೇವಿ ಗಂಜಿ ಕುಡಿಸಿದಳು, ಗದ್ದದ ಮೇಲೆ ಸೋರಿದ್ದನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಕರವಸ್ತ್ರ ತಾ ಎನ್ನುವಷ್ಟೂ ಶಕ್ತಿ ಇರಲಿಲ್ಲ.

ಆಗಸ್ಟ್ 8, ಗುರುವಾರ

ನಾಳೆ ಪಂಚಮಿ. ಜ್ಞಾನೇಶ್ವರ ಟಂಟಂ ಆಟೋ ತೆಗೆದುಕೊಂಡು ಅಕ್ಕನನ್ನು ಕರೆಯಲು ಬಂದ. ಅವ್ವ ಹಬ್ಬದ ಉಂಡಿಯ ಬುಟ್ಟಿ ಕಟ್ಟಿಕೊಟ್ಟಳು. ಬುಟ್ಟಿಯ ಜೊತೆಗೆ ನಾಮದೇವ ವೈನಿಯ ಟ್ರಂಕನ್ನೂ, ಕೌದಿಯನ್ನೂ, ಕೊನೆಗೆ ಮಡಚಿದ ಹೊರಸನ್ನೂ ಏರಿಸಿದ. ಎಂಟು ದಿನಕ್ಕೆ ಹೊರಸು ಒಯ್ಯುವವರುಂಟೇ? ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ವೈನಿ ಎಲ್ಲವನ್ನೂ ನೋಡಿದರು. ಕಟ್ಟೆಯ ಮೇಲೆ ಕೂತರು. ಏಳಲಿಲ್ಲ. ಹಟದಿಂದಲ್ಲ, ಕಾಲು ಬರಲಿಲ್ಲ. ನಾಮದೇವ ರಟ್ಟೆ ಹಿಡಿದು ಎಳೆದ.

ಆಗ ನಾನು ಹೋಗಿ ಟಂಟಂನೊಳಗೆ ಹತ್ತಿ ಮಲಗಿಬಿಟ್ಟೆ. ದೊಡ್ಡ ಧೈರ್ಯವೇನೂ ಅಲ್ಲ, ಅಷ್ಟು ಹೊತ್ತು ನಿಂತು ನನಗೂ ಸಾಕಾಗಿತ್ತು. ಸೀಟಿನ ರೆಕ್ಸಿನ್ನಿಗೆ ಯಾರದೋ ಗುಟಕಾದ ಕಲೆ ಇತ್ತು, ನನ್ನ ಕೆನ್ನೆ ಸರಿಯಾಗಿ ಅದರ ಮೇಲೇ.

"ಏಯ್, ಏನ್ ಮಾಡಾಕತ್ತೀಲೇ?" ಎಂದ ನಾಮದೇವ.

"ಅಕಿಗೇನ ಐತಿ, ನನಗೂ ಅದ ಐತಿ. ಮಲಗಾವ್ರಿಗೆ ಈ ಮನ್ಯಾಗ ಜಾಗಾ ಇಲ್ಲಂದ್ರ ನನ್ನೂ ಬಾಡಗಂಡಿಗಿ ಒಗದ ಬಾ."

"ಸರ, ನಮ್ಮ ಮನ್ಯಾಗ ಅಕ್ಕಗ ಜಾಗಾ ಇಲ್ರಿ, ನಿಮಗೆಲ್ಲಿ..." ಎಂದು ಜ್ಞಾನೇಶ್ವರ ಬಾಯಿ ತಪ್ಪಿ ಖರೆ ಹೇಳಿಬಿಟ್ಟ. ಓಣಿಯೆಲ್ಲ ಕೇಳಿಸಿಕೊಂಡಿತು.

ಅವ್ವ ಇಳಿದು ಬಂದಳು. ಉಂಡಿಯ ಬುಟ್ಟಿಯನ್ನು ಜ್ಞಾನೇಶ್ವರನ ತೊಡೆಯ ಮೇಲಿಟ್ಟಳು. "ನೀ ಹೋಗಿ ಹಬ್ಬಾ ಮಾಡಪಾ" ಎಂದಳು. ಆಮೇಲೆ ಹಿರಿಯ ಮಗನ ಕಡೆ ತಿರುಗಿದಳು. "ನಾಮ್ಯಾ, ಹೊರಸ ಇಳಸು. ಮಿರಜಕ್ಕ ಹೋಗಿ ಬರಲಿ ಅಕಿ. ಆಮ್ಯಾಲ ನೋಡೂಣು."

ಹೊರಸು ಇಳಿಯಿತು. ನನ್ನನ್ನು ಇಳಿಸಲು ಶ್ರೀದೇವಿ ಬರಬೇಕಾಯಿತು. ಕೆನ್ನೆಯನ್ನು ಮೂರು ಸಲ ಸಾಬೂನು ಹಚ್ಚಿ ತೊಳೆದೆ.

ಆಗಸ್ಟ್ 16

ಮಿರಜ. ವೈನಿಯ ಜಠರದಿಂದಲೂ ನುಚ್ಚಿನಷ್ಟು ತೆಗೆದರು. ಬಾಯಿಯ ಬಳೆ ಹೊಸದೇ, ಒಬ್ಬರಿಗೆ ಒಂದೇ ಎಂದು ನರ್ಸಿನ ಹತ್ತಿರ ಕೇಳಿ ಅವರಿಗೆ ಮೊದಲೇ ಹೇಳಿಟ್ಟಿದ್ದೆ. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ಜೊಲ್ಲು ಸೋರಿ ತೋಳು ಒದ್ದೆಯಾಯಿತು. ಔಷಧದ ಅಮಲು ಇನ್ನೂ ಇಳಿದಿರಲಿಲ್ಲ, ಎಬ್ಬಿಸುವುದು ಹೇಗೆ? ಕೈ ಜೋಮು ಹಿಡಿಯಿತು. ಅಂಗಿ ನಾಳೆ ಒಗೆಯಲು ಹಾಕಬೇಕು.

ಸೆಪ್ಟೆಂಬರ್ 3

ವೈನಿಯ ರಿಪೋರ್ಟು ಬಂತು. ಏನೂ ಸಿಕ್ಕಿಲ್ಲ.

"ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲರಿ. ಒಂದು ಕಡೆ ಚೂರ ತಗೀತೀವಿ, ಅದು ಇನ್ನೊಂದು ಕಡೆ ಇರಬೋದು. ಮತ್ತ ಈ ಪರೀಕ್ಷಾನ ಅಷ್ಟ ಪಕ್ಕಾ ಅಲ್ಲ ಅಂತ ಮೊದಲ ಹೇಳಿದ್ನಿ. ಅವರ ಲಕ್ಷಣ ಎಲ್ಲಾ ನಿಮ್ಮವ. ಅದ ಔಷಧ, ಅದ ಆರಾಮ" ಎಂದರು ಡಾಕ್ಟರ್ ಅಮೋಲ.

ನಾಮದೇವನಿಗೆ ಮೊದಲ ಶಬ್ದವೇ ಸಾಕಾಯಿತು. "ನೋಡ್ದಿ? ಕಾಗದ ಬಂತಲ್ಲ. ಸೋಗು ಅಂದಿದ್ನೋ ಇಲ್ಲೋ? ನೀನೂ ಇಂಥಾ ಕಾಗದದ ಮ್ಯಾಲ ಅಲ್ಲೇನು ರಜಾ ಬರಸ್ಕೊಂಡಿದ್ದು?"

ಒಳಗೆ ಹೋಗಿ ನನ್ನ ಲ್ಯಾಮಿನೇಶನ್ ಮಾಡಿಸಿದ ರಿಪೋರ್ಟು ತಂದೆ. ಒಂದೂವರೆ ತಿಂಗಳು ಗೋಡೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸಿದ್ದೆ. ಅದನ್ನು ನಾಲ್ಕು ಮಡಿಕೆ ಮಡಚಿ ಅವನ ಕೈಗೆ ಕೊಟ್ಟೆ.

"ನಿನ್ನ ಮೂರನೇ ಮಗ್ಗದ ಕಾಲ ಅಲ್ಲಾಡತೈತಿ. ಬುಡಕ್ಕ ಹಾಕು. ಅಷ್ಟಕ್ಕರೆ ಬರತೈತಿ. ವೈನಿನ್ನ ಕಳಸೂ ಮಾತ ಇನ್ನೊಮ್ಮಿ ತಗದ್ರ ನನ್ನ ಹೊರಸೂ ಟಂಟಂನ್ಯಾಗ ಇರತೈತಿ, ತಿಳೀತಿಲ್ಲೋ?"

ಅವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದ್ದಳು. "ನಾಮ್ಯಾ, ಶೇವಂತಿ ಹೊರಸ ಹಿಂದಿನ ಖೋಲ್ಯಾಗ ಹಾಕು. ಅಲ್ಲಿ ಮಗ್ಗದ ಸಪ್ಪಳ ಕಮ್ಮಿ. ಮನಿ ನಂದು ಇನ್ನಾ" ಎಂದಳು.

ಹಿಂದಿನ ಖೋಲಿ ಎಂದರೆ ಸಪ್ಪಳ ತಾಳದೆ ಈಗ ಹಗಲು ನಾನು ಮಲಗುವ ಖೋಲಿ. ನನ್ನನ್ನು ಒಂದು ಮಾತು ಕೇಳಬಾರದೇ?

ಸೆಪ್ಟೆಂಬರ್ 12

ಗಣಪತಿಯ ಡಾಲ್ಬಿ ಸದ್ದು ಮೂರು ಓಣಿ ಆಚೆಯಿಂದಲೂ ಎದೆಗೆ ಗುದ್ದುತ್ತಿದೆ. ನಾವಿಬ್ಬರೂ ಕಿವಿಗೆ ಉಂಡೆ ಇಟ್ಟುಕೊಂಡು ಬಿದ್ದಿದ್ದೇವೆ. ಗುಳಿಗೆ ನನಗೆ ಸ್ವಲ್ಪ ಹತ್ತಿದಂತಿದೆ, ಅವರಿಗೆ ಇಲ್ಲ. ಒಂದೇ ಖೋಲಿಯಲ್ಲಿ ಎರಡು ಹೊರಸು, ನರಕ. ವೈನಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಬಾಚಣಿಗೆಯಲ್ಲಿ ಕೂದಲು ಬಿಡುತ್ತಾರೆ. ನನ್ನ ಗೊರಕೆಗೆ ಗೋಡೆ ಬಡಿಯುತ್ತಾರೆ.

ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಮಗ್ಗದ ಖೋಲಿಯಲ್ಲಿ ಇಣುಕಿದೆ. ಸಾಬಣ್ಣ ಲಾಳಿಗೆ ಬಾಯಿ ಹಚ್ಚಲು ಹೋದ. ನಾಮದೇವ ಅದನ್ನು ಅವನ ಕೈಯಿಂದ ಕಸಿದುಕೊಂಡು, ಸಣ್ಣ ತಂತಿಯ ಕೊಕ್ಕೆಯಿಂದ ಎಳೆಯನ್ನು ಹೊರಗೆಳೆದು ಕೊಟ್ಟ. ನನ್ನನ್ನು ನೋಡಿ ಮುಖ ತಿರುಗಿಸಿದ. ಇನ್ನೂ ಎರಡು ಕೊಕ್ಕೆ ಗೋಡೆಯ ಮೊಳೆಗೆ ತೂಗುತ್ತಿದ್ದವು.

ಮಧ್ಯಾಹ್ನ ಅವ್ವ ವೈನಿಗೆ ಗಂಜಿ ಕೊಟ್ಟು ಹೋದಳು, ಅದೇ ಬೂದಿ ಹಚ್ಚಿ ತಿಕ್ಕಿದ ಲೋಟದಲ್ಲಿ. ಅರ್ಧ ಕುಡಿದು, "ಆಗೂದಿಲ್ಲರಿ" ಎಂದು ನೆಲಕ್ಕಿಟ್ಟು ಮಲಗಿಬಿಟ್ಟರು. ತಣ್ಣಗಾಗಿ ಕೆನೆಗಟ್ಟತೊಡಗಿತು. ಅವ್ವನನ್ನು ಕೂಗಲು ನನಗೂ ದನಿ ಇರಲಿಲ್ಲ, ಹಸಿವಾಗಿತ್ತು. ಎತ್ತಿ ಕುಡಿದೆ.

ಉಪ್ಪು ಕಡಿಮೆಯಾಗಿತ್ತು. ಅವ್ವನಿಗೆ ಎಷ್ಟು ಸಲ ಹೇಳಬೇಕೋ.